ಉಪ್ಪುಗಾಳಿಯ ಊರಿನಲ್ಲಿ ಕ್ಯಾಲಿಪರ್‌ಗೆ ಬಣ್ಣ ಹಚ್ಚುವ ಕ್ರಮ

ಕಾರವಾರದಲ್ಲಿ ಮನೆ ಮಾಡಿಕೊಂಡವರಿಗೆ ಉಪ್ಪುಗಾಳಿಯ ಕೆಲಸ ಏನೆಂದು ಹೇಳಿಕೊಡಬೇಕಾಗಿಲ್ಲ. ಗೇಟಿನ ಕೀಲು, ಕಿಟಕಿಯ ಸರಳು, ಬಾವಿಯ ಗಡಗಡೆ ಎಲ್ಲವೂ ವರ್ಷ ವರ್ಷ ಬಣ್ಣ ಕೇಳುತ್ತವೆ. ಅದೇ ಗಾಳಿ ಕಾರಿನ ಚಕ್ರದೊಳಗೂ ನುಗ್ಗುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಭಾಗ, ಚಕ್ರದ ಹಿಂದೆ ಮರೆಯಾಗಿರುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಅಲಾಯ್ ಚಕ್ರದ ಕಡ್ಡಿಗಳು ತೆಳ್ಳಗಿರುತ್ತವೆ, ಅವುಗಳ ನಡುವಿನ ಜಾಗ ದೊಡ್ಡದಿರುತ್ತದೆ, ಕ್ಯಾಲಿಪರ್ ಕೂಡ ದೊಡ್ಡದಿರುತ್ತದೆ; ಹಾಗಾಗಿ ಅದರ ಬಣ್ಣ ಮಾಸಿದರೆ ದೂರದಿಂದಲೇ ಕಾಣುತ್ತದೆ, ಬಣ್ಣ ಎದ್ದುಹೋದ ಜಾಗದಲ್ಲಿ ಲೋಹಕ್ಕೆ ಉಪ್ಪು ನೇರವಾಗಿ ತಾಗುತ್ತದೆ. ಈ ಕೆಲಸವನ್ನು ಮನೆಯ ಅಂಗಳದಲ್ಲಿಯೇ ಎರಡು ದಿನಗಳಲ್ಲಿ ಚೆನ್ನಾಗಿ ಮಾಡಿಕೊಳ್ಳಬಹುದು. ಆದರೆ ಒಣನಾಡಿನವರು ಹೇಳುವ ಕ್ರಮವನ್ನು ಹಾಗೆಯೇ ಅನುಸರಿಸಿದರೆ ನಮ್ಮ ಕರಾವಳಿಯಲ್ಲಿ ಬಣ್ಣ ನಿಲ್ಲುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಎರಡು ಬಾಗಿಲಿನ ಹಳೆಯ ಕಾರಿಗೆ ಮೊದಲ ಸಲ ಬಣ್ಣ ಹಚ್ಚಿದಾಗ ಮಳೆ ನಿಂತ ಮೊದಲ ವಾರದಲ್ಲಿಯೇ ಅವಸರಪಟ್ಟು, ಬ್ರೇಕ್ ಕ್ಲೀನರಿನಿಂದ ಒರೆಸಿ, ಉಜ್ಜಿ, ಮೂರು ಕೋಟು ಹೊಡೆದಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದಿದ್ದವು. ಒಂದನ್ನು ಉಗುರಿನಿಂದ ಕೆರೆದಾಗ ಬಣ್ಣದ ಹೊಪ್ಪಳೆ ಪೂರ್ತಿಯಾಗಿ ಎದ್ದುಬಂತು, ಅದರ ಕೆಳಗೆ ಅಲ್ಯೂಮಿನಿಯಮ್ಮಿನ ಮೇಲೆ ಸುಣ್ಣದಂಥ ಬಿಳಿಯ ಪುಡಿ ಇತ್ತು. ಬಣ್ಣದ ಗುಣದಲ್ಲಿ ದೋಷವಿರಲಿಲ್ಲ. ಬಣ್ಣದ ಅಡಿಯಲ್ಲಿ ಉಪ್ಪು ಉಳಿದಿತ್ತು. ಬ್ರೇಕ್ ಕ್ಲೀನರ್ ಎಣ್ಣೆಯನ್ನೂ ಜಿಡ್ಡನ್ನೂ ಕರಗಿಸುತ್ತದೆಯೇ ಹೊರತು ಉಪ್ಪನ್ನು ಕರಗಿಸುವುದಿಲ್ಲ. ಉಪ್ಪು ಕರಗುವುದು ನೀರಿನಲ್ಲಿ. ಲೋಹದ ಮೇಲೆ ಉಳಿದ ಉಪ್ಪು ಬಣ್ಣದ ಪದರದ ಮೂಲಕ ತೇವವನ್ನು ತನ್ನತ್ತ ಎಳೆದುಕೊಂಡು ಅಲ್ಲಿಯೇ ಗುಳ್ಳೆ ಕಟ್ಟುತ್ತದೆ. ಆದ್ದರಿಂದ ಕರಾವಳಿಯಲ್ಲಿ ಈ ಕೆಲಸದ ಮೊದಲ ಸಾಮಗ್ರಿ ಸಿಹಿನೀರು.

ಸಮಯದ ಆಯ್ಕೆಯೂ ಅಷ್ಟೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯನ್ನೇ ಬಿಡಬೇಕು. ದೀಪಾವಳಿ ಕಳೆದ ಮೇಲೆ ಫೆಬ್ರವರಿಯ ತನಕ ಒಳ್ಳೆಯ ಕಾಲ. ಆ ತಿಂಗಳುಗಳಲ್ಲಿಯೂ ಬೆಳಗಿನ ಇಬ್ಬನಿ ಆರಿ ಲೋಹ ಕೈಗೆ ಬೆಚ್ಚಗಾಗುವವರೆಗೆ ಕಾಯಬೇಕು, ಮಧ್ಯಾಹ್ನ ಕಡಲಗಾಳಿ ಬೀಸತೊಡಗುವ ಮೊದಲೇ ಬಣ್ಣದ ಕೆಲಸ ಮುಗಿಸಬೇಕು. ಕೈಗಾರಿಕಾ ಬಣ್ಣಗಾರರು ಲೋಹದ ತಾಪ ಇಬ್ಬನಿ ಕಟ್ಟುವ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂದೂ, ಗಾಳಿಯ ತೇವಾಂಶ ಶೇಕಡಾ 85 ದಾಟಿರಬಾರದೆಂದೂ ನಿಯಮ ಇಟ್ಟುಕೊಂಡಿರುತ್ತಾರೆ. ಮಾಪಕವಿಲ್ಲದ ನಾನು ಕ್ಯಾಲಿಪರಿನ ಮೇಲೆ ಒದ್ದೆ ಬಟ್ಟೆಯಿಂದ ಒಂದು ಗೆರೆ ಎಳೆಯುತ್ತೇನೆ. ಕಾಲು ಗಂಟೆಯೊಳಗೆ ಆ ಗೆರೆ ಪೂರ್ತಿ ಆರದಿದ್ದರೆ ಅಂದು ಬಣ್ಣದ ಡಬ್ಬ ತೆರೆಯುವುದಿಲ್ಲ. ಶಿರಸಿಯ ಕಡೆಯವರಿಗೆ ಉಪ್ಪಿನ ಕಾಟ ಕಡಿಮೆ, ಆದರೆ ಚಳಿಗಾಲದ ಮಂಜು ಹೆಚ್ಚು. ಅವರು ಬಿಸಿಲು ಏರುವ ತನಕ ಇನ್ನಷ್ಟು ಹೊತ್ತು ಕಾಯುವುದು ಮೇಲು.

ಬಣ್ಣವನ್ನು ಕೊಳ್ಳುವಾಗ ಕ್ಯಾಲಿಪರಿಗೆಂದೇ ತಯಾರಾದ, ಶಾಖ ತಡೆಯುವ ಬಣ್ಣವನ್ನೇ ಕೊಳ್ಳಬೇಕು. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಬ್ರೇಕ್ ಹಿಡಿದುಕೊಂಡು ಇಳಿಯುವಾಗ ಡಿಸ್ಕಿನ ತಾಪ ಹಲವು ನೂರು ಡಿಗ್ರಿಗೆ ಏರಬಹುದು; ಕ್ಯಾಲಿಪರ್ ಅಷ್ಟು ಕಾಯದಿದ್ದರೂ ನೂರು ಡಿಗ್ರಿಯನ್ನು ದಾಟುವುದು ಕಷ್ಟವೇನಲ್ಲ. ಕಿಟಕಿಯ ಗ್ರಿಲ್ಲಿಗೆ ಹಚ್ಚುವ ಸಾದಾ ಎನಾಮೆಲ್ ಇಷ್ಟು ಶಾಖಕ್ಕೆ ಮೆತ್ತಗಾಗಿ ಕಪ್ಪಿಡುತ್ತದೆ. ಸ್ಪ್ರೇ ಡಬ್ಬಗಳೂ ಸಿಗುತ್ತವೆ, ಗಟ್ಟಿಕಾರಕ ಬೆರೆಸಿ ಕುಂಚದಿಂದ ಹಚ್ಚುವ ಎರಡು ಡಬ್ಬದ ಬಣ್ಣವೂ ಸಿಗುತ್ತದೆ. ಸ್ಪ್ರೇಯಿಂದ ಮೈ ನುಣುಪಾಗಿ ಬರುತ್ತದೆ ನಿಜ, ಆದರೆ ಬಯಲು ಅಂಗಳದಲ್ಲಿ ಅದರ ತುಂತುರು ಎಲ್ಲೆಲ್ಲಿಗೋ ಹೋಗುತ್ತದೆ. ಮನೆಯಲ್ಲಿ ಮಾಡುವವರಿಗೆ ಕುಂಚದ ಬಣ್ಣವೇ ಸರಿ ಎಂಬುದು ನನ್ನ ಅಭಿಪ್ರಾಯ. ಪುಡಿ ಲೇಪ, ಅಂದರೆ ಪೌಡರ್ ಕೋಟಿಂಗ್ ಮಾಡಿಸುವ ಆಸೆಯಿದ್ದರೆ ಒಂದು ಮಾತು ನೆನಪಿರಲಿ: ಅದನ್ನು ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ, ಹಾಗಾಗಿ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನೂ ಎಲ್ಲ ರಬ್ಬರ್ ಸೀಲುಗಳನ್ನೂ ಬಿಚ್ಚದೆ ಅದನ್ನು ಮಾಡಿಸಲು ಬರುವುದಿಲ್ಲ.

ಕಾರನ್ನು ಎತ್ತುವ ಮೊದಲು ವೀಲ್ ನಟ್ಟುಗಳನ್ನು ನೆಲದ ಮೇಲೆಯೇ ಸ್ವಲ್ಪ ಸಡಿಲಿಸಿ, ಎತ್ತದ ಕಡೆಯ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರವಿರುವುದರಿಂದ ಜಾಕ್ ಒಳಗೆ ಹೋಗದೆ ಇರಬಹುದು. ಮೊದಲು ಗಟ್ಟಿ ಹಲಗೆಯ ಮೇಲೆ ಚಕ್ರ ಹತ್ತಿಸಿಕೊಂಡರೆ ಅಷ್ಟು ಎತ್ತರ ಸಿಗುತ್ತದೆ. ಜಾಕ್ ಇಡುವ ಜಾಗವನ್ನು ಕಾರಿನ ಕೈಪಿಡಿ ನೋಡಿಯೇ ಗುರುತಿಸಬೇಕು. ಎತ್ತಿದ ಮೇಲೆ ಕಾರಿನ ಭಾರ ಜಾಕ್ ಸ್ಟ್ಯಾಂಡಿನ ಮೇಲೆ ಕೂರಬೇಕು, ಜಾಕಿನ ಮೇಲಲ್ಲ. ನಮ್ಮ ಕಡೆ ಅಂಗಳದಲ್ಲಿ ಚಿರೆಕಲ್ಲು ಸುಲಭವಾಗಿ ಸಿಗುತ್ತದೆಂದು ಅದನ್ನೇ ಒಂದರ ಮೇಲೊಂದು ಜೋಡಿಸಿ ಕಾರಿಗೆ ಆನಿಕೆ ಕೊಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಚಿರೆಕಲ್ಲು ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆ. ಒಂದೇ ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆದು ಪುಡಿಯಾಗುತ್ತದೆ, ಆ ಹೊತ್ತಿಗೆ ನಿಮ್ಮ ಕೈಯೋ ತಲೆಯೋ ಅದರ ಅಡಿಯಲ್ಲಿರುತ್ತದೆ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕಾಲು ಹುಗಿಯದಂತೆ ಕೆಳಗೆ ದಪ್ಪ ಹಲಗೆ ಹಾಕಿಕೊಳ್ಳಬೇಕು.

ಚಕ್ರ ತೆಗೆದ ಕೂಡಲೇ ಬ್ರಷ್ ಹಿಡಿಯದೆ, ಟಾರ್ಚ್ ಹಾಕಿ ಐದು ನಿಮಿಷ ನೋಡಬೇಕು. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಬೂಟು ಹರಿದಿದೆಯೇ, ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ ಬ್ಲೀಡ್ ನಿಪ್ಪಲಿನ ಬುಡದಲ್ಲಿ ಪಸೆಯಿದೆಯೇ, ಆಯಿಲ್ ತರುವ ಹೋಸಿನ ಮೈ ಬಿರಿದಿದೆಯೇ, ಒಂದು ಪ್ಯಾಡು ಇನ್ನೊಂದಕ್ಕಿಂತ ಬಹಳ ಸವೆದಿದೆಯೇ ಎಂಬುದನ್ನೆಲ್ಲ ಪರೀಕ್ಷಿಸಿ, ಇವುಗಳಲ್ಲಿ ಯಾವುದು ಕಂಡರೂ ಮೊದಲು ಅದನ್ನು ತಿಳಿದವರಿಂದ ರಿಪೇರಿ ಮಾಡಿಸಬೇಕು. ಬ್ರೇಕ್ ಆಯಿಲ್ ಬದಲಿಸುವ ಕಾಲ ಹತ್ತಿರ ಬಂದಿದ್ದರೆ ಅದನ್ನೂ ಬಣ್ಣಕ್ಕೆ ಮೊದಲೇ ಮುಗಿಸುವುದು ಜಾಣತನ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿಕೊಂಡ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಘಟ್ಟದ ದಾರಿಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅದಲ್ಲದೆ ಆ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಒಂದು ಹನಿ ಬಿದ್ದರೂ ಸಾಕು, ಹೊಳೆಯುತ್ತಿದ್ದ ಮೈ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ಧಾರಾಳ ನೀರು ಹುಯ್ಯಬೇಕು.

ಈಗ ತೊಳೆಯುವ ಕೆಲಸ, ಇದಕ್ಕೆ ಬಣ್ಣ ಹಚ್ಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಕು. ಬ್ರೇಕಿನ ಪುಡಿಯನ್ನು ಒಣಗಿದ್ದಾಗ ಕೆರೆಯಬಾರದು, ಗಾಳಿ ಹೊಡೆದು ಹಾರಿಸಲೂ ಬಾರದು. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇದ್ದ ಕಾಲವೂ ಇತ್ತು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬಕೆಟ್ಟಿನಲ್ಲಿ ಶಾಂಪೂ ಕಲಸಿದ ನೀರಿನಿಂದ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿಗಳನ್ನೆಲ್ಲ ತಿಕ್ಕಬೇಕು. ಕಡಲಿಗೆ ಹತ್ತಿರದ ಮನೆಗಳ ಬಾವಿಯ ನೀರು ಬೇಸಿಗೆಯತ್ತ ಸವಳಾಗುತ್ತದೆ. ಅಂಥ ನೀರಿನಿಂದ ತೊಳೆದರೆ ತೆಗೆದ ಉಪ್ಪನ್ನು ಮತ್ತೆ ಹಚ್ಚಿದಂತೆಯೇ ಆಗುತ್ತದೆ. ನಲ್ಲಿಯ ಸಿಹಿನೀರನ್ನು ಬಳಸಿ, ಕೊನೆಯ ಜಾಲನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್ ಪ್ರತಿ ಕ್ಯಾಲಿಪರಿಗೆ ಸುರಿದರೆ ನೆಮ್ಮದಿ. ಗ್ಯಾರೇಜುಗಳಲ್ಲಿ ರೂಢಿಯಿರುವಂತೆ ಸೀಮೆ ಎಣ್ಣೆ, ಡೀಸೆಲ್ ಅಥವಾ ಪೆಟ್ರೋಲಿನಿಂದ ಮಾತ್ರ ತೊಳೆಯಬೇಡಿ. ಕ್ಯಾಲಿಪರಿನ ಸೀಲುಗಳ ರಬ್ಬರು ಬ್ರೇಕ್ ಆಯಿಲಿಗೆ ಒಗ್ಗಿದ್ದು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ.

ನೀರು ಆರಿದ ಮೇಲೆ ವೈರ್ ಬ್ರಷ್ಷಿನಿಂದ ಸಡಿಲ ತುಕ್ಕನ್ನೂ ಎದ್ದ ಬಣ್ಣವನ್ನೂ ತೆಗೆಯಬೇಕು. ಎರಕದ ಕಬ್ಬಿಣದ ಕ್ಯಾಲಿಪರಿಗೆ ಉಕ್ಕಿನ ತಂತಿಯ ಬ್ರಷ್ ನಡೆಯುತ್ತದೆ. ಅಲ್ಯೂಮಿನಿಯಮ್ಮಿಗೆ ನೈಲಾನ್ ಬ್ರಷ್ಷೋ ಎಮರಿ ಕಾಗದವೋ ಒಳ್ಳೆಯದು, ಏಕೆಂದರೆ ಉಕ್ಕಿನ ಚೂರುಗಳು ಮೆತ್ತನೆಯ ಲೋಹದಲ್ಲಿ ಹುಗಿದು ಮುಂದೆ ತುಕ್ಕಿನ ಚುಕ್ಕೆಗಳಾಗುತ್ತವೆ. ಗಟ್ಟಿಯಾಗಿ ಕೂತಿರುವ ಹಳೆಯ ಬಣ್ಣವನ್ನು ಪೂರ್ತಿ ಕಿತ್ತುಹಾಕುವ ಅಗತ್ಯವಿಲ್ಲ; 240 ಗ್ರಿಟ್ಟಿನ ಎಮರಿ ಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ, 400ರ ಕಾಗದದಿಂದ ಸಮ ಮಾಡಿದರೆ ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಬರಿ ಲೋಹ ಕಾಣಿಸಿಕೊಂಡರೆ ಬಣ್ಣದ ತಯಾರಕರು ಹೇಳಿದ ಪ್ರೈಮರನ್ನೇ ಹಚ್ಚಬೇಕು, ಬೇರೆ ಕಂಪನಿಯದನ್ನು ಬೆರೆಸಬಾರದು. ಅಲ್ಯೂಮಿನಿಯಂ ಕ್ಯಾಲಿಪರಿನಲ್ಲಿ ಪ್ಯಾಡಿನ ಪಕ್ಕ ಉಕ್ಕಿನ ತಗಡು ಕೂತಿರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ: ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಲಿ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ, ಬಿಳಿಯ ಪುಡಿ ಬೆಳೆದು ತಗಡನ್ನೇ ಮೇಲೆತ್ತಿ ಪ್ಯಾಡನ್ನು ಹಿಡಿದುಬಿಡುತ್ತದೆ. ತಗಡು ಎದ್ದಿದ್ದರೆ ಅದು ಮೆಕ್ಯಾನಿಕ್ ಬಿಚ್ಚಿ ಸರಿಪಡಿಸುವ ಕೆಲಸ. ಎಲ್ಲ ಉಜ್ಜಿದ ಮೇಲೆ ಮತ್ತೊಮ್ಮೆ ಡಿಸ್ಟಿಲ್ಡ್ ವಾಟರಿನಿಂದ ಜಾಲಿಸಿ, ಆರಲು ಬಿಟ್ಟು, ಕಟ್ಟಕಡೆಯದಾಗಿ ಬ್ರೇಕ್ ಕ್ಲೀನರ್ ತಾಗಿಸಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಬಟ್ಟೆ ಬದಲಿಸುತ್ತ ಹೋಗಬೇಕು. ಆ ಮೇಲೆ ಬರಿಗೈಯಿಂದ ಮುಟ್ಟಬಾರದು, ಬೆವರಿನಲ್ಲಿಯೂ ಉಪ್ಪಿದೆ.

ಕ್ಯಾಲಿಪರನ್ನು ಕಾರಿನಿಂದ ಬಿಚ್ಚದೆಯೇ ಬಣ್ಣ ಹಚ್ಚುವುದನ್ನು ನಾನು ಸಲಹೆ ಮಾಡುತ್ತೇನೆ. ಬಿಚ್ಚಿ ಹೋಸ್ ತೆಗೆದರೆ ಗಾಳಿ ಒಳಹೊಕ್ಕು ಬ್ರೇಕ್ ಬ್ಲೀಡ್ ಮಾಡಲೇಬೇಕಾಗುತ್ತದೆ, ಹೋಸಿನಲ್ಲಿಯೇ ನೇತುಬಿಟ್ಟರೆ ಭಾರಕ್ಕೆ ಹೋಸ್ ಒಳಗಿನಿಂದ ಹರಿದುಹೋಗಬಹುದು. ಡಿಸ್ಕಿಗೆ ಹಳೆಯ ಪೇಪರ್ ಸುತ್ತಿ, ರಬ್ಬರ್ ಬೂಟುಗಳು, ಬ್ಲೀಡ್ ನಿಪ್ಪಲ್, ಹೋಸ್, ಎಬಿಎಸ್ ಸೆನ್ಸರಿನ ವೈರು, ಕ್ಯಾಲಿಪರ್ ಜಾರುವ ಪಿನ್ನುಗಳು ಇವೆಲ್ಲಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಪ್ಯಾಡಿನ ಕಿವಿ ಕೂರುವ ಜಾಗಕ್ಕೂ ಚಕ್ರ ಬಂದು ಕೂರುವ ಹಬ್ಬಿನ ಮುಖಕ್ಕೂ ಬಣ್ಣ ತಾಗಲೇಬಾರದು. ಮೊದಲನೆಯದಕ್ಕೆ ತಾಗಿದರೆ ಪ್ಯಾಡು ಬಿಗಿಯಾಗಿ ಬ್ರೇಕ್ ಹಿಡಿದೇ ಇರುತ್ತದೆ. ಎರಡನೆಯದಕ್ಕೆ ತಾಗಿದರೆ ಬಿಗಿದ ನಟ್ಟಿನಡಿ ಬಣ್ಣ ಕುಸಿದು ನಟ್ಟು ಸಡಿಲವಾಗುತ್ತದೆ.

ಬಣ್ಣವನ್ನು ಡಬ್ಬದಲ್ಲಿ ಹೇಳಿದ ಪ್ರಮಾಣದಲ್ಲಿಯೇ ಗಟ್ಟಿಕಾರಕದೊಂದಿಗೆ ಬೆರೆಸಬೇಕು, ಒಮ್ಮೆಗೆ ಬೇಕಾದಷ್ಟನ್ನು ಮಾತ್ರ ಬೆರೆಸಬೇಕು. ಮೊದಲ ಕೋಟು ಲೋಹ ಇನ್ನೂ ಕಾಣುವಷ್ಟು ತೆಳ್ಳಗಿರಲಿ. ಅದನ್ನು ಕಂಡು ಮನಸ್ಸು ತಡೆಯದೆ ದಪ್ಪ ಹಚ್ಚುವುದೇ ಎಲ್ಲರೂ ಮಾಡುವ ತಪ್ಪು. ಬಣ್ಣ ಕೆಳಗಿನ ಅಂಚಿಗೆ ಇಳಿದು ಹನಿಗಟ್ಟುತ್ತದೆ, ಆ ಹನಿ ಒಳಗೆ ಹಸಿಯಾಗಿಯೇ ಉಳಿದು ಶಾಖಕ್ಕೆ ಬಿರಿಯುತ್ತದೆ. ಕುಂಚ ಒಂದೇ ದಿಕ್ಕಿನಲ್ಲಿ ಸಾಗಲಿ. ತೆಳುವಾದ ಮೂರು ಕೋಟು ಸಾಕು, ಎರಡರ ನಡುವಿನ ಅಂತರ ಡಬ್ಬದ ಮೇಲೆ ಬರೆದಷ್ಟೇ ಇರಲಿ. ಕೊನೆಯ ಕೋಟು ಬೆರಳಿಗೆ ಸ್ವಲ್ಪ ಅಂಟುವ ಹಂತದಲ್ಲಿರುವಾಗಲೇ ಟೇಪನ್ನು ಮೆಲ್ಲಗೆ ಎಳೆದು ತೆಗೆದರೆ ಅಂಚು ನೇರವಾಗಿ ಬರುತ್ತದೆ. ಬಣ್ಣದ ಆಯ್ಕೆ ಅವರವರ ಇಷ್ಟ. ನಮ್ಮ ಕೆಂಪು ಧೂಳಿಗೂ ಬ್ರೇಕಿನ ಕಪ್ಪು ಪುಡಿಗೂ ಹಳದಿ ಬೇಗ ಮಾಸುತ್ತದೆ, ಕಡುಗೆಂಪು ಹೆಚ್ಚು ದಿನ ತಾಳುತ್ತದೆ.

ಇಡೀ ದಿನ ಕಾರು ಸ್ಟ್ಯಾಂಡಿನ ಮೇಲೆಯೇ ಇರಲಿ, ರಾತ್ರಿ ಇಬ್ಬನಿ ಬೀಳದಂತೆ ಮಾಡಿನ ಕೆಳಗಿರಲಿ. ಮರುದಿನ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಚಕ್ರ ಹಾಕಿ, ಕಾರನ್ನು ಇಳಿಸಿ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಕಾರು ಚಲಿಸುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ, ಮೊದಲು ಕಾಂಪೌಂಡಿನೊಳಗೇ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಯುವುದನ್ನು ಖಚಿತಪಡಿಸಿಕೊಳ್ಳಬೇಕು. ಮೊದಲ ಓಟಕ್ಕೆ ಘಟ್ಟ ಬೇಡ. ಹೆದ್ದಾರಿ 66ರಲ್ಲಿ ಅಂಕೋಲಾದ ಕಡೆಗೆ ಹೋಗಿ, ಹಗುರವಾಗಿ ಬ್ರೇಕ್ ಹಾಕುತ್ತ ಮರಳಿದರೆ ಬಣ್ಣ ನಿಧಾನವಾಗಿ ಬೆಚ್ಚಗಾಗಿ ಗಟ್ಟಿಯಾಗುತ್ತದೆ.

ಆ ಮೇಲೆ ವಾರಕ್ಕೊಮ್ಮೆ, ಕ್ಯಾಲಿಪರ್ ಪೂರ್ತಿ ತಣ್ಣಗಿರುವಾಗ ಚಕ್ರದ ಕಡ್ಡಿಗಳ ನಡುವಿನಿಂದ ಸಿಹಿನೀರು ಬಿಟ್ಟು, ಸ್ವಲ್ಪ ದೂರ ಓಡಿಸಿ ಒಣಗಿಸಿದರೆ ಉಪ್ಪು ಕೂರುವುದಿಲ್ಲ. ಬೆರೆಸದೆ ಉಳಿದ ಬಣ್ಣವನ್ನೂ ಗಟ್ಟಿಕಾರಕವನ್ನೂ ಮುಚ್ಚಳ ಬಿಗಿದು ಬೇರೆ ಬೇರೆ ಇಟ್ಟುಕೊಳ್ಳಿ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಚಕ್ರ ಬಿಚ್ಚಿ ಅಂಚುಗಳ ಮೇಲೆ ಉಗುರು ಸವರಿ ನೋಡಿ, ಗುಳ್ಳೆ ಕಂಡ ಜಾಗವನ್ನಷ್ಟೇ ಉಜ್ಜಿ, ತೊಳೆದು, ಅದೇ ಬಣ್ಣದಿಂದ ತಿದ್ದಿಕೊಳ್ಳಬಹುದು.