ನಾಟಿ ಕೋಳಿ ಸುಲಿದ ದಿನವೇ ಫ್ರೀಜರ್‌ಗೆ ಹಾಕಬೇಡಿ

ಮನೆಯಲ್ಲೇ ಕೋಳಿ ಕೊಯ್ಯುವವರಿಗೆ ಒಂದು ಮಾತು. ಚರ್ಮವನ್ನು ಮೈ ಬೆಚ್ಚಗಿರುವಾಗಲೇ ಸುಲಿಯಿರಿ, ಫ್ರೀಜರ್‌ಗೆ ಮಾತ್ರ ಮಾರನೇ ದಿನ ಹಾಕಿ. ಬಿಸಿ ಇರುವಾಗ ಚರ್ಮದ ಕೆಳಗಿನ ಕೊಬ್ಬು ಮೆತ್ತಗಿರುತ್ತದೆ. ಎದೆಮೂಳೆಯ ಮೇಲೆ ಸಣ್ಣದಾಗಿ ಸೀಳಿ, ಬೆರಳು ತೂರಿಸಿ ಎಳೆದರೆ ಪುಕ್ಕದ ಸಮೇತ ಅಂಗಿ ಬಿಚ್ಚಿದ ಹಾಗೆ ಬರುತ್ತದೆ, ಬಿಸಿನೀರಲ್ಲಿ ಅದ್ದುವ ಕೆಲಸವೇ ಇಲ್ಲ. ರೆಕ್ಕೆಯ ತುದಿ ಜೊತೆ ಸುಮ್ನೆ ಒದ್ದಾಡಬೇಡಿ, ಗಿಣ್ಣಲ್ಲಿ ಕತ್ತರಿಸಿಬಿಡಿ. ಆಮೇಲೆ ಕರುಳು ತೆಗೆದು, ತೊಳೆದು, ಐಸ್ ನೀರಲ್ಲಿ ಚೆನ್ನಾಗಿ ತಣಿಸಿ, ಇಡೀ ಕೋಳಿಯನ್ನು ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಒಂದು ದಿನ ಇಡಿ. ಕೊಯ್ದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ, ಆ ಸ್ಥಿತಿಯಲ್ಲೇ ಹೆಪ್ಪುಗಟ್ಟಿಸಿದರೆ ಬೇಯಿಸಿದಾಗ ರಬ್ಬರಿನಂತಾಗುತ್ತದೆ. ತೊಡೆ ಹಿಡಿದು ಅಲ್ಲಾಡಿಸಿ ನೋಡಿ, ಗಿಣ್ಣು ಸಲೀಸಾಗಿ ಆಡಿದರೆ ತುಂಡು ಮಾಡಿ ಫ್ರೀಜರ್‌ಗೆ ಹಾಕಬಹುದು. ಚರ್ಮ ಇಲ್ಲದ ಮಾಂಸ ಬೇಗ ಒಣಗಿ ಬಿಳಿ ಕಲೆ ಬೀಳುತ್ತದೆ, ಹಾಗಾಗಿ ಕವರಿನ ಗಾಳಿಯನ್ನು ಪೂರ್ತಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ. ಕರೆಂಟ್ ಜಾಸ್ತಿ ಹೋಗುವ ಊರಲ್ಲಿ ಇದು ಬೇಡ, ಅವತ್ತೇ ಬೇಯಿಸಿ ತಿನ್ನುವುದೇ ಕ್ಷೇಮ. ವರ್ಷಗಟ್ಟಲೆ ಮೊಟ್ಟೆ ಇಟ್ಟ ಮುದಿ ಹೇಂಟೆ ಎಷ್ಟು ಹೊತ್ತು ಇಟ್ಟರೂ ಮೆತ್ತಗಾಗಲ್ಲ, ಅದಕ್ಕೆ ಕುಕ್ಕರೇ ಗತಿ. ಸುಟ್ಟ ಚರ್ಮದ ಘಮ ಬೇಕು ಅನ್ನುವ ನಾಟಿ ಸಾರಿಗಾದರೆ ಸುಲಿಯಲೇಬೇಡಿ. ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆಯಿರಿ.