ಲೂಥರನ್ ಶಾಲೆಯಲ್ಲಿ ಧರ್ಮಪಾಠ ಮತ್ತು ಆರಾಧನೆ: ಮಲೆನಾಡಿನಿಂದ ಬರುವ ಕುಟುಂಬಗಳಿಗೆ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡಿಗೆ ಬರುವ ಅನೇಕರು ಊರಿನಲ್ಲಿರುವಾಗಲೇ ಮಕ್ಕಳ ಶಾಲೆಯ ಅರ್ಜಿ ತುಂಬಿರುತ್ತಾರೆ. ಶುಲ್ಕ, ದೂರ, ಸಮವಸ್ತ್ರ ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸುವ ನಮ್ಮವರು ಆರಾಧನೆಯ ವಿಷಯ ಬಂದಾಗ ಮಾತ್ರ ‘ನಮ್ಮೂರ ಕಾನ್ವೆಂಟಿನ ಹಾಗೇ ಇರುತ್ತದೆ’ ಎಂದು ಸುಮ್ಮನಾಗುತ್ತಾರೆ. ಅದು ಹಾಗಿರುವುದಿಲ್ಲ. ನಮ್ಮ ಕಾನ್ವೆಂಟುಗಳಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರು ಮಾರಲ್ ಸೈನ್ಸ್ ಪುಸ್ತಕ ಹಿಡಿದು ಕೂರುತ್ತಿದ್ದೆವು. ಮಾರ್ಟಿನ್ ಲೂಥರನ ಬೋಧನೆಯನ್ನು ಅನುಸರಿಸುವ ಪ್ರೊಟೆಸ್ಟಂಟ್ ಕ್ರೈಸ್ತರೇ ಲೂಥರನರು; ಇಲ್ಲಿನ ಅವರ ಶಾಲೆಗಳಲ್ಲಿ ಸಾಮಾನ್ಯವಾಗಿ ಆ ವಿಂಗಡಣೆ ಇರುವುದಿಲ್ಲ.

ದಿನ ಮತ್ತು ವಾರ

ತರಗತಿಯಲ್ಲಿ ಬೆಳಗಿನ ಡಿವೋಷನ್: ಸತ್ಯವೇದದ ಒಂದು ಭಾಗ, ನಾಲ್ಕು ಮಾತು, ಪ್ರಾರ್ಥನೆ. ವಾರಕ್ಕೊಮ್ಮೆ ಚಾಪೆಲ್, ಅಂದರೆ ಮಕ್ಕಳೆಲ್ಲ ಸೇರುವ ಆರಾಧನೆ. ಕ್ರಿಶ್ಚಿಯನ್ ಸ್ಟಡೀಸ್ ಎಂಬ ಪಾಠ, ಅದಕ್ಕೂ ಮೌಲ್ಯಮಾಪನ.

ವಿನಾಯಿತಿ ಕೇಳುವವರಿಗೆ

ಚಾಪೆಲ್ ಬೇಡವೆನ್ನುವ ಮೊದಲು ಈ ಶಾಲೆಗಳ ಹಿನ್ನೆಲೆ ತಿಳಿದಿರಲಿ. ಜರ್ಮನ್ ರಾಜ್ಯವಾಗಿದ್ದ ಪ್ರಶ್ಯದ ದೊರೆ ಹೇರಿದ ಆರಾಧನಾ ಕ್ರಮವನ್ನು ಒಪ್ಪದ ಲೂಥರನರು 1838ರಲ್ಲಿ ಪಾಸ್ಟರ್ ಕಾವೆಲ್ ಅವರೊಂದಿಗೆ ಹಡಗೇರಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದರು. ಅವರು ನೆಲೆಸಿದಲ್ಲೆಲ್ಲ ಚರ್ಚಿನ ಜೊತೆಗೆ ಶಾಲೆಯೂ ಎದ್ದಿತು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಜರ್ಮನ್ ದ್ವೇಷದಿಂದ ಇಲ್ಲಿನ ಸರ್ಕಾರ ಅಂತಹ 49 ಶಾಲೆಗಳನ್ನು ಮುಚ್ಚಿಸಿದರೂ ಸಮುದಾಯ ಮತ್ತೆ ಶಾಲೆ ಕಟ್ಟಿತು. ಲಿಂಗನಮಕ್ಕಿಯ ನೀರು ಏರಿದಾಗ ದೇವರನ್ನೂ ಹೊತ್ತುಕೊಂಡು ಊರು ಬಿಟ್ಟ ಶರಾವತಿ ಕಣಿವೆಯವರ ಕಥೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಆದ್ದರಿಂದ ‘ಶುಲ್ಕ ಕೊಡುತ್ತೇವೆ, ಚಾಪೆಲ್ ಮಾತ್ರ ಬೇಡ’ ಎಂದು ಕಚೇರಿಯಲ್ಲಿ ವಾದಿಸುವುದು, ಅದೂ ಪ್ರವೇಶದ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ನಮ್ಮ ಸಮುದಾಯಕ್ಕೆ ಶೋಭೆ ತರುವುದಿಲ್ಲ. ಒಪ್ಪಿಗೆಯಾಗದಿದ್ದರೆ ಸರ್ಕಾರಿ ಶಾಲೆಗಳಿವೆ. ಅಲ್ಲಿಗೆ ಮಕ್ಕಳನ್ನು ಸೇರಿಸುವುದು ಅಂತಸ್ತಿಗೆ ಕಡಿಮೆ ಎಂಬ ಭಾವನೆಯನ್ನು ದಯವಿಟ್ಟು ಊರಿನಲ್ಲೇ ಬಿಟ್ಟು ಬನ್ನಿ.

ಚಾಪೆಲಿನಲ್ಲಿ ಲೂಥರನ್ ಶಾಲೆಯವರು ನಿರೀಕ್ಷಿಸುವುದು ಹಾಜರಿ, ಶಾಂತಿ ಮತ್ತು ಗೌರವ. ಅಲ್ಲಿ ಕುಳಿತ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ, ಅದಕ್ಕೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಬೇಕು.

ಪ್ರಭುಭೋಜನದ ದಿನ

ಇದನ್ನು ಎರಡು ಸಲ ಓದಿ. ಪ್ರಭುಭೋಜನವೆಂದರೆ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವ ಕ್ರೈಸ್ತ ವಿಧಿ. ನಮ್ಮ ಮಕ್ಕಳಿಗೆ ತೀರ್ಥಪ್ರಸಾದ ಬಂದಾಗ ಬಲಗೈ ಚಾಚುವುದನ್ನು ಕಲಿಸಿದ್ದೇವೆ. ಬೇಡವೆನ್ನುವುದೇ ಅಪಚಾರವೆಂದೂ ಹೇಳಿದ್ದೇವೆ. ಎಲ್ಲರೂ ಸಾಲಾಗಿ ಎದ್ದು ಹೋಗುವಾಗ ಮಗುವೂ ಎದ್ದು ಹೋಗಿ ಕೈಚಾಚುವುದು ಸಹಜ. ಆದರೆ ಆ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನ ಶರೀರವೂ ರಕ್ತವೂ ನಿಜವಾಗಿ ಇವೆ ಎಂಬುದು ಲೂಥರನರ ದೃಢ ನಂಬಿಕೆ, ಅದು ದೀಕ್ಷಾಸ್ನಾನ ಪಡೆದವರಿಗೆ ಮೀಸಲು. ಉಳಿದ ಮಕ್ಕಳು ತಮ್ಮ ಸ್ಥಳದಲ್ಲೇ ಕೂರಬಹುದು. ಹಲವೆಡೆ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿರಿಸಿಕೊಂಡು ಹೋಗಿ ಆಶೀರ್ವಾದ ಮಾತ್ರ ಪಡೆಯುವ ರೂಢಿಯೂ ಉಂಟು. ನಿಮ್ಮ ಶಾಲೆಯ ಕ್ರಮ ಯಾವುದೆಂದು ಪಾಸ್ಟರನ್ನೇ ಕೇಳಿ ಮಗುವಿಗೆ ಮುಂಚಿತವಾಗಿ ತಿಳಿಸಿಡಿ. ಎಲ್ಲ ದೇವರೂ ಒಂದೇ, ತೆಗೆದುಕೊಂಡರೇನಂತೆ ಎಂಬ ನಮ್ಮ ಔದಾರ್ಯ ಅವರ ಪೀಠದ ಮುಂದೆ ಔದಾರ್ಯವಾಗಿ ಕಾಣುವುದಿಲ್ಲ. ನೂರಾರು ಮಕ್ಕಳೆದುರು ಯಾವ ಮಗುವನ್ನೂ ಮೆಲ್ಲಗೆ ಹಿಂದಕ್ಕೆ ಕಳುಹಿಸುವ ಪ್ರಸಂಗ ಬರಬಾರದು. ಆ ಅವಮಾನವನ್ನು ಮಕ್ಕಳು ಬೇಗ ಮರೆಯುವುದಿಲ್ಲ.

ಮನೆಗೆ ಬರುವ ಪ್ರಶ್ನೆಗಳು

ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರಿ ಹತ್ತು ಆಜ್ಞೆಗಳಿಂದ ಆರಂಭವಾಗಿ, ಹೆಜ್ಜೆಹೆಜ್ಜೆಗೂ ‘ಇದರ ಅರ್ಥವೇನು?’ ಎಂದು ಕೇಳುತ್ತದೆ. ಮನೆಯ ಯಜಮಾನ ತನ್ನ ಮನೆಯವರಿಗೆ ಕಲಿಸಲೆಂದೇ ಅವನು ಅದನ್ನು ಬರೆದದ್ದು. ಹೀಗೆ ಕೇಳಿ ಕಲಿಯುವ ಮಗು ಮನೆಯಲ್ಲೂ ಕೇಳುತ್ತದೆ. ಬೇರೆ ದೇವರುಗಳು ಇರಬಾರದು ಎಂಬ ಮೊದಲ ಆಜ್ಞೆಯನ್ನು ಕಲಿತ ದಿನ, ಅಜ್ಜನ ತೋಟದಂಚಿನ ಚೌಡಿಯ ಕಲ್ಲು ಏನು, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಡುವುದೇಕೆ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಶಿಕ್ಷಕಿಗೆ ಸಿಟ್ಟಿನ ಪತ್ರ ಬರೆಯುವ ಮೊದಲು ಉತ್ತರ ನಿಮಗೆ ಗೊತ್ತಿದೆಯೇ ಎಂದು ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಊರಿಗೆ ಫೋನು ಮಾಡಿ ಅಜ್ಜಿಯನ್ನೇ ಕೇಳಿ. ಅಂದ ಹಾಗೆ, ಶಾಲೆಯಲ್ಲಿ ಏನು ಕಲಿಸುತ್ತಾರೆಂದು ಅಜ್ಜ-ಅಜ್ಜಿಯರಿಗೆ ಮೊದಲೇ ತಿಳಿಸಿರಬೇಕು. ವಿಡಿಯೋ ಕರೆಯಲ್ಲಿ ಮೊಮ್ಮಗ ಒಮ್ಮೆಲೇ ಕ್ರೈಸ್ತರ ‘ಕರ್ತನ ಪ್ರಾರ್ಥನೆ’ ಹೇಳಿದಾಗ ತೀರ್ಥಹಳ್ಳಿಯ ಮನೆಯಲ್ಲಿ ಎದ್ದ ಗಲಾಟೆಯನ್ನು ಇಲ್ಲಿಂದ ತಣಿಸುವುದು ಸುಲಭವಲ್ಲ.

ಪ್ರವೇಶ ಸಂದರ್ಶನದಲ್ಲಿ ಕೇಳಬೇಕಾದವು

ಚಾಪೆಲಿನ ದಿನ, ಪೋಷಕರು ಬರಬಹುದೇ ಎಂಬುದು. ಪ್ರಭುಭೋಜನದ ಕ್ರಮ. ಮೇಲಿನ ತರಗತಿಗಳಲ್ಲಿ ಇತರ ಧರ್ಮಗಳ ಪಾಠ. ಶಿಬಿರದ ದಿನಗಳಲ್ಲಿ ಸಸ್ಯಾಹಾರ.

ನಮ್ಮ ಹಬ್ಬಗಳು

ದೀಪಾವಳಿಗೆ ಇಲ್ಲಿ ಸರ್ಕಾರಿ ರಜೆ ಇಲ್ಲ. ಒಂದು ವಾರ ಮೊದಲೇ ತರಗತಿಯ ಶಿಕ್ಷಕರಿಗೆ ಬರೆದು ತಿಳಿಸಿ. ಜ್ವರದ ಸುಳ್ಳು ಬೇಡ. ತರಗತಿಯಲ್ಲಿ ಹಬ್ಬದ ಬಗ್ಗೆ ಹೇಳಲು ಕರೆದರೆ ಪಟಾಕಿಯ ಚಿತ್ರ ತೋರಿಸಿ ಮುಗಿಸಬೇಡಿ: ಬಲೀಂದ್ರನ ಕಥೆ ಹೇಳಿ, ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ನಮ್ಮ ಅಂಟಿಕೆ-ಪಂಟಿಕೆಯ ಪದವೊಂದನ್ನು ಕೇಳಿಸಿ. ಹಾಡಲು ಬರುವವರು ನಮ್ಮ ಸಂಘದಲ್ಲಿದ್ದಾರೆ, ಮೊದಲೇ ತಿಳಿಸಿದರೆ ಶಾಲೆಗೆ ಬರುತ್ತಾರೆ.