ಚಟ್ನಿಪುಡಿ ಎಷ್ಟು ದಿನ ಬಾಳುತ್ತೆ ಅಂತ ಅಂದಾಜಿನಲ್ಲಿ ಬರೀಬೇಡಿ

ಮನೆಯಿಂದ ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ ಮಾರೋಕೆ ಶುರು ಮಾಡ್ತಿರೋರು ಪ್ರತಿ ಸಲ ಮಾಡಿದ್ದರಲ್ಲಿ ಐದಾರು ಸಣ್ಣ ಪ್ಯಾಕೆಟ್ ಮಾರದೆ ಎತ್ತಿಡಿ. ಮೇಲೆ ಮಾಡಿದ ತಾರೀಖು ಬರೆದು, 15 ದಿನಕ್ಕೊಂದು ಒಡೆದು ಮೂಸಿ, ರುಚಿ ನೋಡಿ. ಎಷ್ಟನೇ ದಿನಕ್ಕೆ ಕಮಟು ವಾಸನೆ ಬಂತೋ ಅದಕ್ಕಿಂತ ಸಾಕಷ್ಟು ಮುಂಚಿನ ದಿನವನ್ನೇ ಲೇಬಲ್ ಮೇಲೆ ಹಾಕಿ. 60ನೇ ದಿನ ಕೆಟ್ಟರೆ ನಾನು 40 ಅಂತಲೇ ಹಾಕ್ತೀನಿ. ಕೊಬ್ಬರಿ, ಶೇಂಗಾದಲ್ಲಿರೋ ಎಣ್ಣೆ ಗಾಳಿ, ಬೆಳಕು, ಸೆಕೆ ತಾಗಿದ ಹಾಗೆ ಕಮಟಾಗುತ್ತೆ. ಅದು ನಿಮ್ಮ ಹುರಿತ, ನೀವು ಬಳಸೋ ಕವರ್ ಎರಡನ್ನೂ ಅವಲಂಬಿಸಿರೋದ್ರಿಂದ ಬೇರೆಯವರ ಲೆಕ್ಕ ನಿಮಗೆ ಹೊಂದಲ್ಲ. ಪ್ಯಾಕೆಟ್ಟನ್ನ ಕತ್ತಲ ಡಬ್ಬಿಯಲ್ಲಿ ಇಡಬೇಡಿ, ಅಂಗಡಿಯವರು ನೇತುಹಾಕೋ ಥರ ಬೆಳಕಿಗೇ ಇಡಿ. ಅಲ್ಲೇ ನಿಜ ಗೊತ್ತಾಗೋದು. ತೆಳು ಕವರಿನಲ್ಲಿಟ್ಟ ಕೋಡುಬಳೆ ಕಮಟಾಗೋಕೆ ಮುಂಚೆಯೇ ಮೆತ್ತಗಾಗಿರುತ್ತೆ, ಮುರಿದಾಗ ಟಕ್ ಅನ್ನಲ್ಲ. ಹಾಗಾದರೆ ಮೊದಲು ಕವರ್ ಬದಲಿಸಿ. ಮತ್ತೆ, ಪೂರ್ತಿ ಆರದೆ ಪ್ಯಾಕ್ ಮಾಡಿದ್ರೆ ಒಳಗೆ ಹಬೆ ಕಟ್ಟಿ ಈ ಲೆಕ್ಕವೆಲ್ಲ ತಪ್ಪುತ್ತೆ. ಏಪ್ರಿಲ್‌ನಲ್ಲಿ ನೋಡಿದ್ದು ಆಷಾಢದ ಮಳೆಗೆ ನಡೆಯಲ್ಲ, ಮಲೆನಾಡು, ಕರಾವಳಿಯವರಂತೂ ಮಳೆಗಾಲದಲ್ಲಿ ಇನ್ನೊಮ್ಮೆ ನೋಡಲೇಬೇಕು. ಹಸಿ ಪದಾರ್ಥಕ್ಕೆ ಮಾತ್ರ ಈ ಉಪಾಯ ಬೇಡವೇ ಬೇಡ: ಬೆಳ್ಳುಳ್ಳಿ ತೊಕ್ಕು, ಹಸಿಕಾಯಿ ಹಾಕಿದ್ದು, ದೋಸೆಹಿಟ್ಟು ಇಂಥವು. ಅದರಲ್ಲಿ ಬೆಳೆಯೋ ಕೆಲವು ಬ್ಯಾಕ್ಟೀರಿಯಾ ವಾಸನೆಯನ್ನೂ ಬದಲಿಸಲ್ಲ, ರುಚಿಯನ್ನೂ ಬದಲಿಸಲ್ಲ. ಅಂಥದ್ದನ್ನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಆರ್ಡರ್ ಬಂದ ದಿನವೇ ಮಾಡಿ ಕೊಡಿ.